ಪೆಂಟಾಹೋದಾಗ ಸ್ಟೆಪ್‌ಗಳಿಗೆ ಇನ್‌ಪುಟ್ ಔಟ್‌ಪುಟ್ ಸರಿಯಾಗಿ ಕೊಡೋದು ಹೆಂಗ, ಗಂಗಾವತಿ ಕಡೆ ಭತ್ತದ ಲೆಕ್ಕ ಇಟ್ಕೊಂಡು ಹೇಳ್ತೀನಿ

ಪೆಂಟಾಹೋ ಅಂದ್ರ ಬೇರೆ ಬೇರೆ ಕಡೆಯಿಂದ ಡೇಟಾ ತಂದು, ಸರಿ ಮಾಡಿ, ಇನ್ನೊಂದು ಕಡೆ ಬರೆಯೋ ಸಾಫ್ಟ್‌ವೇರ್; ಅದ್ರಾಗ ಒಂದೊಂದು ಕೆಲಸಕ್ಕ ಒಂದೊಂದು ಸ್ಟೆಪ್ ಇಟ್ಟು, ಸಾಲು ಎಲ್ಲಿಂದ ಎಲ್ಲಿಗೆ ಹೋಗ್ಬೇಕು ಅಂತ ಬಾಣ ಎಳೀತೀವಿ. ಹೋದ ಸುಗ್ಗಿಯಾಗ ಕಾರಟಗಿ ಹತ್ರ ಒಂದು ರೈಸ್ ಮಿಲ್ಲಿಗೆ ಅದ್ರಾಗ ಭತ್ತ ಖರೀದಿ ರಿಪೋರ್ಟ್ ಮಾಡಿ ಕೊಟ್ಟಿದ್ದೆ. ಮೂರನೇ ದಿನಕ್ಕ ಅಲ್ಲಿನ ಗುಮಾಸ್ತರು ಫೋನ್ ಮಾಡಿದ್ರು, "ತಮ್ಮಾ, ಕಾಟಾದ ಚೀಟಿ ಎಣಿಸಿದ್ರ 412 ಗಾಡಿ ಆಗ್ತಾವು, ನಿನ್ನ ಕಂಪ್ಯೂಟರ್‌ನಾಗ 206 ಅಷ್ಟ ತೋರಿಸ್ತೈತಿ, ಉಳಿದ ಗಾಡಿ ಎಲ್ಲಿಗೆ ಹೋದ್ವೋ?" ಅಂತ. ಸರಿಯಾಗಿ ಅರ್ಧ. ಎರರ್ ಒಂದೂ ಬಂದಿಲ್ಲ, ಎಲ್ಲಾ ಸ್ಟೆಪ್ ಮ್ಯಾಲೆ ಹಸಿರು ಟಿಕ್ ಬಿದ್ದೈತಿ, ಲಾಗ್ ಕ್ಲೀನ್ ಐತಿ. ಆ ರಾತ್ರಿ ಎರಡು ತಾಸು ಕುಂತು ಹುಡುಕಿದ ಮ್ಯಾಲೆ ಗೊತ್ತಾತು, ಒಂದು ಸ್ಟೆಪ್‌ನಿಂದ ಎರಡು ಬಾಣ ಎಳೆದಾಗ ಬಂದ ಒಂದು ಸಣ್ಣ ಪಾಪ್‌ಅಪ್ ಓದದ ಒತ್ತಿಬಿಟ್ಟಿದ್ದೆ. ಅದು ಏನು ಅಂತ ಮುಂದ ಹೇಳ್ತೀನಿ, ಆದ್ರ ಆ ರಾತ್ರಿಯಿಂದ ನಾನು ಹಿಡಿದ ಪದ್ಧತಿ ಒಂದ: ಯಾವ ಸ್ಟೆಪ್ ಇರಲಿ, ಅದಕ್ಕ ಒಳಗ ಬರೋ ಸಾಲು ಎಂಥದು, ಹೊರಗ ಹೋಗೋ ಸಾಲು ಎಂಥದು ಅಂತ ಕಣ್ಣಾರೆ ನೋಡದ ಮುಂದಿನ ಸ್ಟೆಪ್ ಹಾಕಂಗಿಲ್ಲ.

ನಾನು ಹೇಳ್ತಿರೋದು ಪೆಂಟಾಹೋ ಡೇಟಾ ಇಂಟಿಗ್ರೇಶನ್ ಬಗ್ಗೆ, ಹಳಬರು ಕೆಟಲ್ ಅಂತಾರಲ್ಲ ಅದ. ಚಿತ್ರ ಬರೆದಂಗ ಕೆಲಸ ಮಾಡೋ ವಿಂಡೋಗೆ ಸ್ಪೂನ್ ಅಂತ ಹೆಸರು. ಅಪಾಚೆ ಹಾಪ್ ಬಳಸೋರು ಇದ್ರ ಅವ್ರಿಗೂ ಇದು ನಡಿತೈತಿ, ಅದು ಕೆಟಲ್‌ನಿಂದ ಒಡೆದು ಬಂದ ಕೂಸ, ಇಲ್ಲಿ ಟ್ರಾನ್ಸ್‌ಫಾರ್ಮೇಶನ್ (ಸ್ಟೆಪ್, ಬಾಣ ಎಲ್ಲಾ ಸೇರಿದ ಒಂದು ಚಿತ್ರ) ಅನ್ನೋದಕ್ಕ ಅಲ್ಲಿ ಪೈಪ್‌ಲೈನ್ ಅಂತಾರ, ಸ್ಟೆಪ್‌ಗೆ ಟ್ರಾನ್ಸ್‌ಫಾರ್ಮ್ ಅಂತಾರ, ಅಷ್ಟ.

ಮೊದ್ಲು ಹಾಳಿ ಮ್ಯಾಲೆ ಬರೀರಿ

ನಮ್ಮ ಲೆಕ್ಕದಾಗ ಮೂರು ಕಡೆಯಿಂದ ಡೇಟಾ ಬರ್ತಿತ್ತು. ಒಂದು, ಕಾಟಾದ ಕಂಪ್ಯೂಟರ್ ದಿನಾ ಒಂದು ಸಿಎಸ್‌ವಿ ಫೈಲ್ (ಕಾಮಾ ಹಾಕಿ ಬೇರೆ ಮಾಡಿದ ಸಾಲುಗಳ ಫೈಲ್) ಬಿಡ್ತೈತಿ, ಅದ್ರಾಗ ಚೀಟಿ ನಂಬರ್, ಗಾಡಿ ನಂಬರ್, ತುಂಬಿದ ತೂಕ, ಖಾಲಿ ತೂಕ, ತಾರೀಖು ಇರ್ತಾವು. ಎರಡು, ಗುಮಾಸ್ತರು ಎಕ್ಸೆಲ್‌ನಾಗ ಬರೆಯೋ ಖರೀದಿ ರಿಜಿಸ್ಟರ್, ರೈತರ ಹೆಸರು, ಊರು, ಚೀಲ ಎಷ್ಟು, ದರ ಎಷ್ಟು. ಮೂರು, ಊರು ತಾಲೂಕು ಜಿಲ್ಲೆ ಇರೋ ಒಂದು ಪಟ್ಟಿ. ಔಟ್‌ಪುಟ್ ಎರಡು: ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಾಗ ಖರೀದಿ ಟೇಬಲ್, ಇನ್ನೊಂದು ಹೊಂದದ ಸಾಲುಗಳ ಫೈಲ್. ಈ ಎರಡನೇದನ್ನ ಭಾಳ ಮಂದಿ ಮಾಡಂಗಿಲ್ಲ. ಹೊಂದದ ಸಾಲು ಹೋಗಾಕ ಜಾಗಾನೇ ಇಲ್ಲ ಅಂದ್ರ ಅದು ಸುಮ್ನ ಮಾಯ ಆಗ್ತೈತಿ, ಇಲ್ಲಾ ಇಡೀ ರನ್ ನಿಲ್ಲಸ್ತೈತಿ, ಎರಡೂ ನಮಗ ಬ್ಯಾಡ. ಅದಕ್ಕ ರಿಜೆಕ್ಟ್ ಫೈಲ್ ಅನ್ನೋದು ಮೊದಲನೇ ದಿನದಿಂದ ಇರ್ಲಿ.

ಸಿಎಸ್‌ವಿ ಒಳಗ ತರೋದು

ಟೆಕ್ಸ್ಟ್ ಫೈಲ್ ಇನ್‌ಪುಟ್ ಸ್ಟೆಪ್ ತಗೋರಿ. ಸಿಎಸ್‌ವಿ ಫೈಲ್ ಇನ್‌ಪುಟ್ ಅಂತ ಇನ್ನೊಂದು ಐತಿ, ಅದು ಸ್ಪೀಡ್ ಐತಿ ಖರೆ, ಆದ್ರ ಒಂದು ಫೋಲ್ಡರ್‌ನಾಗ ಇರೋ ದಿನಾದಿನದ ಫೈಲ್ ಎಲ್ಲಾ ಒಟ್ಟಿಗೆ ಓದಾಕ ಮೊದಲನೇದ ಅನುಕೂಲ. ಫೋಲ್ಡರ್ ಕೊಟ್ಟು ಪಕ್ಕದಾಗ ವೈಲ್ಡ್‌ಕಾರ್ಡ್ ಕೊಡ್ಬೇಕು, ಅಲ್ಲಿ ಎಲ್ಲರೂ ಎಡವ್ತಾರ. ಅದು ರೆಗ್ಯುಲರ್ ಎಕ್ಸ್‌ಪ್ರೆಶನ್ (ಹೆಸರು ಹೆಂಗಿರ್ಬೇಕು ಅಂತ ಚಿಹ್ನೆಯಾಗ ಬರೆಯೋ ಮಾದರಿ), ಬರೇ ಸ್ಟಾರ್ ಡಾಟ್ ಸಿಎಸ್‌ವಿ ಅಂತ ಬರೆದ್ರ ಕೆಲಸ ಮಾಡಂಗಿಲ್ಲ, ಡಾಟ್, ಸ್ಟಾರ್, ಬ್ಯಾಕ್‌ಸ್ಲ್ಯಾಶ್, ಡಾಟ್, ಆಮೇಲೆ ಸಿಎಸ್‌ವಿ ಅಂತ ಬರೀಬೇಕು. ಬರೆದು ಶೋ ಫೈಲ್‌ನೇಮ್ಸ್ ಒತ್ತಿದ್ರ ಯಾವ ಯಾವ ಫೈಲ್ ಸಿಕ್ವು ಅಂತ ಪಟ್ಟಿ ತೋರಿಸ್ತೈತಿ, ಅದು ನೋಡಿನ ಮುಂದ ಹೋಗ್ರಿ.

ಕಂಟೆಂಟ್ ಟ್ಯಾಬ್‌ನಾಗ ಸೆಪರೇಟರ್, ಹೆಡರ್ ಸಾಲು, ಎನ್‌ಕೋಡಿಂಗ್ (ಅಕ್ಷರಗಳನ್ನ ಯಾವ ಪದ್ಧತಿಯಾಗ ಉಳಿಸೈತಿ ಅನ್ನೋದು) ಕೊಡ್ರಿ. ಡಿಫಾಲ್ಟ್ ಸೆಪರೇಟರ್ ಸೆಮಿಕೋಲನ್ ಇರ್ತೈತಿ, ನಮ್ಮ ಫೈಲ್‌ನಾಗ ಕಾಮಾ ಇರ್ತೈತಿ, ಬದಲು ಮಾಡ್ಲಿಲ್ಲ ಅಂದ್ರ ಇಡೀ ಸಾಲು ಒಂದ ಫೀಲ್ಡ್‌ನಾಗ ಬಂದು ಕೂಡ್ತೈತಿ. ಅದ ಟ್ಯಾಬ್‌ನಾಗ ಫೈಲ್‌ನೇಮ್ ಔಟ್‌ಪುಟ್‌ನಾಗ ಸೇರಿಸು, ಸಾಲಿನ ನಂಬರ್ ಸೇರಿಸು ಅಂತ ಎರಡು ಆಪ್ಶನ್ ಅದಾವು, ಎರಡೂ ಆನ್ ಮಾಡ್ರಿ, ಸಾಲಿನ ನಂಬರ್ ಫೈಲ್ ಪ್ರಕಾರ ಎಣಿಸು ಅನ್ನೋ ಟಿಕ್ಕೂ ಹಾಕ್ರಿ. ಮುಂದ ಯಾವ್ದಾರ ಸಾಲು ರಿಜೆಕ್ಟ್ ಆದಾಗ ಅದು ಯಾವ ದಿನದ ಫೈಲ್, ಎಷ್ಟನೇ ಸಾಲು ಅಂತ ಕಾಟಾದವ್ರಿಗೆ ನೆಟ್ಟಗ ಹೇಳಾಕ ಬರ್ತೈತಿ. ಇಲ್ಲಂದ್ರ ಅವ್ರು ನಮ್ಮ ಕಡೆ ತಪ್ಪಿಲ್ಲ ಅಂತಾರ, ನಾವು ನಿಮ್ಮ ಕಡೇನ ತಪ್ಪೈತಿ ಅಂತೀವಿ, ಅಲ್ಲೇ ಒಂದು ದಿನ ಹೋಗ್ತೈತಿ.

ಫೀಲ್ಡ್ಸ್ ಟ್ಯಾಬ್‌ನಾಗ ಗೆಟ್ ಫೀಲ್ಡ್ಸ್ ಒತ್ತಿದ್ರ ಎಷ್ಟು ಸಾಲು ನೋಡಿ ಅಂದಾಜು ಮಾಡ್ಲಿ ಅಂತ ಕೇಳ್ತೈತಿ, 100 ಅಂತ ಇರ್ತೈತಿ. ಅದು ಅಂದಾಜು ಅಷ್ಟ ನೋಡ್ರಿ, ಆಮೇಲೆ ಒಂದೊಂದು ಫೀಲ್ಡೂ ನೀವ ಸರಿ ಮಾಡ್ಬೇಕು. ಚೀಟಿ ನಂಬರ್ 000417 ಅಂತ ಇದ್ರ ಅದು ಇಂಟಿಜರ್ (ಪೂರ್ಣ ಸಂಖ್ಯೆ) ಅಂತ ತಿಳ್ಕೊಂಡು ಮುಂದಿನ ಸೊನ್ನಿ ತಿಂದು 417 ಮಾಡ್ತೈತಿ, ಆ ಕಡೆ ರಿಜಿಸ್ಟರ್‌ನಾಗ 000417 ಅಂತ ಸ್ಟ್ರಿಂಗ್ (ಅಕ್ಷರದಂಗ ಇಟ್ಟದ್ದು) ಇರ್ತೈತಿ, ಎರಡೂ ಹೊಂದಂಗಿಲ್ಲ. ಕೂಡಿಸಿ ಕಳೆಯೋ ಕೆಲಸ ಇಲ್ಲದ ನಂಬರ್ ಎಲ್ಲಾ ಸ್ಟ್ರಿಂಗ್ ಮಾಡ್ರಿ: ಚೀಟಿ, ಫೋನ್, ಪಿನ್ ಕೋಡ್, ಬ್ಯಾಂಕ್ ಖಾತೆ. ಟ್ರಿಮ್ ಟೈಪ್ ಎರಡೂ ಕಡೆ ಅಂತ ಇಡ್ರಿ, ಕೊನಿಗೆ ಇರೋ ಒಂದು ಖಾಲಿ ಜಾಗ ಕಣ್ಣಿಗೆ ಕಾಣಂಗಿಲ್ಲ, ಆದ್ರ ಜೋಡಿ ಮಾಡೋವಾಗ ಕೈ ಕೊಡ್ತೈತಿ.

ತೂಕ ಮಾತ್ರ ನಂಬರ್ ಟೈಪ್ ಇರ್ಲಿ, ಇಂಟಿಜರ್ ಬ್ಯಾಡ. ಯಾಕಂದ್ರ ಮುಂದ ಕ್ಯಾಲ್ಕ್ಯುಲೇಟರ್ ಸ್ಟೆಪ್‌ನಾಗ ಕೆಜಿಯನ್ನ 100ರಿಂದ ಭಾಗಿಸಿ ಕ್ವಿಂಟಲ್ ಮಾಡ್ತೀವಿ, ಇಂಟಿಜರ್‌ನ ಇಂಟಿಜರ್‌ನಿಂದ ಭಾಗಿಸಿದ್ರ ದಶಾಂಶ ಬಿಟ್ಟುಬಿಡ್ತೈತಿ, 3050 ಕೆಜಿ ಅನ್ನೋದು 30 ಕ್ವಿಂಟಲ್ ಆಗಿ ಹೊರಗ ಬರ್ತೈತಿ, ರೈತನ 50 ಕೆಜಿ ಹೋತು. ಒಬ್ಬನ ಚೀಟಿಯಾಗ 50 ಕೆಜಿ, ಇಡೀ ಸುಗ್ಗಿಗೆ ಎಷ್ಟಾಗ್ತೈತಿ ನೀವ ಹಾಕ್ರಿ ಲೆಕ್ಕ.

ತಾರೀಖಿನ ವಿಷಯ ಸ್ವಲ್ಪ ನಿಂತು ಓದ್ರಿ

ಫಾರ್ಮ್ಯಾಟ್ ಕಾಲಂನಾಗ ತಿಂಗಳಿಗೆ ದೊಡ್ಡಕ್ಷರದ ಎಮ್ ಎರಡು ಸಲ ಬರೀಬೇಕು. ಸಣ್ಣಕ್ಷರದ ಎಮ್ ಅಂದ್ರ ನಿಮಿಷ. 25-11-2023 ಅನ್ನೋದನ್ನ ಸಣ್ಣ ಎಮ್ ಹಾಕಿ ಓದಿಸಿದ್ರ 2023ರ ಜನವರಿ 25, ರಾತ್ರಿ 12 ಗಂಟೆ 11 ನಿಮಿಷ ಅಂತ ಆಗ್ತೈತಿ, ಎರರ್ ಬರಂಗಿಲ್ಲ, ಎಲ್ಲಾ ತಾರೀಖು ಜನವರಿಗೆ ಹೋಗಿ ಕುಂತಿರ್ತಾವು. ಇನ್ನೊಂದು, ದಿನ ಮೊದ್ಲು ಇರೋ ಫೈಲ್‌ಗೆ ತಿಂಗಳು ಮೊದ್ಲು ಅಂತ ಫಾರ್ಮ್ಯಾಟ್ ಕೊಟ್ರ 25/11/2023 ಅನ್ನೋದು 25ನೇ ತಿಂಗಳು 11ನೇ ತಾರೀಖು ಅಂತ ಆಗಿ, ಅದು ಮುಂದಿನ ವರ್ಷಗಳಿಗೆ ಉರುಳ್ಕೊಂಡು 2025ರ ಜನವರಿ 11 ಆಗ್ತೈತಿ. 25ನೇ ತಿಂಗಳು ಇಲ್ಲಪ್ಪ ಅಂತ ಅದು ಬಾಯಿ ಬಿಡಂಗಿಲ್ಲ. ಇದಕ್ಕ ಕಾರಣ ಕಂಟೆಂಟ್ ಟ್ಯಾಬ್‌ನಾಗ ತಾರೀಖು ಓದೋವಾಗ ಲೀನಿಯಂಟ್ ಇರು, ಅಂದ್ರ ತಪ್ಪಿದ್ರೂ ಸಡಿಲ ಬಿಡು ಅನ್ನೋ ಒಂದು ಟಿಕ್. ಅದನ್ನ ತಗದುಬಿಡ್ರಿ. ತಗದ್ರ ತಪ್ಪು ತಾರೀಖು ಅಲ್ಲೇ ಎರರ್ ಕೊಡ್ತೈತಿ, ನಮಗ ಬೇಕಾಗಿದ್ದೂ ಅದ. ಆದ್ರ 05/11 ಅಂಥ ತಾರೀಖು ಹೆಂಗ ಓದಿದ್ರೂ ಸರಿ ಅನಸ್ತೈತಿ, ಅದಕ್ಕ ಪ್ರಿವ್ಯೂ ನೋಡೋವಾಗ 12ಕ್ಕಿಂತ ದೊಡ್ಡ ದಿನ ಇರೋ ಸಾಲು ಹುಡುಕಿ ನೋಡ್ರಿ.

ಎಕ್ಸೆಲ್ ರಿಜಿಸ್ಟರ್

ಇದು ಬೇಗ ಹೇಳ್ತೀನಿ. ಮೈಕ್ರೋಸಾಫ್ಟ್ ಎಕ್ಸೆಲ್ ಇನ್‌ಪುಟ್ ಸ್ಟೆಪ್ ಹಾಕಿ, ಹೊಸ ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲ್ ಇದ್ರ ಎಂಜಿನ್ ಜಾಗದಾಗ ಅಪಾಚೆ ಪಿಒಐ ಇರೋದನ್ನ ಆರಿಸ್ರಿ, ಶೀಟ್ ಹೆಸರು ಕೊಡ್ರಿ, ಎಷ್ಟನೇ ಸಾಲಿನಿಂದ ಶುರು ಅಂತ ಕೊಡ್ರಿ, ಎಣಿಕೆ ಸೊನ್ನಿಯಿಂದ. ಗುಮಾಸ್ತರು ಮ್ಯಾಲೆ ಮಿಲ್ಲಿನ ಹೆಸರು ದೊಡ್ಡದಾಗಿ ಬರೆದು ಸೆಲ್ ಮರ್ಜ್ ಮಾಡಿರ್ತಾರ, ಅದನ್ನ ಬಿಟ್ಟು ಹೆಡರ್ ಎಲ್ಲೈತಿ ನೋಡಿ ಕೊಡ್ಬೇಕು. ಕೆಳಗ ಒಟ್ಟು ಅಂತ ಒಂದು ಸಾಲು ಇರ್ತೈತಿ, ಅದೂ ಒಂದು ಖರೀದಿ ಅಂತ ಒಳಗ ಬಂದುಬಿಡ್ತೈತಿ, ಫಿಲ್ಟರ್ ಹಾಕಿ ತಗೀರಿ.

ಕನ್ನಡ ಹೆಸರುಗಳು

ನಮ್ಮ ಕಡೆ ಹಳೆ ರಿಜಿಸ್ಟರ್ ಭಾಳ ನುಡಿ ಫಾಂಟ್‌ನಾಗ ಬರೆದವು ಅದಾವು, ಯುನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದ ಕೋಡ್ ಇರೋ ಪದ್ಧತಿ) ಅಲ್ಲದವು. ಅವನ್ನ ಹಂಗ ಒಳಗ ತಗೊಂಡ್ರ ಇಂಗ್ಲಿಷ್ ಅಕ್ಷರ, ಚಿಹ್ನೆ ಕಲಸಿದಂಗ ಕಾಣ್ತಾವು, ಎನ್‌ಕೋಡಿಂಗ್ ಏನ ಬದಲು ಮಾಡಿದ್ರೂ ಸರಿ ಹೋಗಂಗಿಲ್ಲ, ಯಾಕಂದ್ರ ಫೈಲ್ ಒಳಗ ಇರೋದ ಬೇರೆ ಅಕ್ಷರ, ಫಾಂಟ್ ಅಷ್ಟ ಅದನ್ನ ಕನ್ನಡ ಮಾಡಿ ತೋರಿಸ್ತಿತ್ತು. ಮೊದ್ಲು ಕನ್ವರ್ಟರ್‌ನಾಗ ಯುನಿಕೋಡ್ ಮಾಡಿ, ಯುಟಿಎಫ್ 8 ಅಂತ ಉಳಿಸಿ, ಆಮೇಲೆ ಸ್ಪೂನ್‌ಗೆ ಕೊಡ್ರಿ.

ಯುನಿಕೋಡ್ ಆದ್ರೂ ಒಂದು ಗುಪ್ತ ತೊಂದ್ರೆ ಐತಿ, ಇದನ್ನ ಹುಡುಕಾಕ ನನಗ ಒಂದು ವಾರ ಬೇಕಾತು. ಕೊಪ್ಪಳ ಅನ್ನೋದ್ರಾಗ ಮೊದಲಿನ ಒತ್ವ ಇರೋ ಕ ಐತಲ್ಲ, ಆ ಸ್ವರದ ಗುರುತನ್ನ ಯುನಿಕೋಡ್‌ನಾಗ ಒಂದ ಕೋಡ್‌ನಾಗೂ ಬರೀಬಹುದು, ಎತ್ವ ಮತ್ತ ಕೊಂಬಿನ ದೀರ್ಘ ಅಂತ ಎರಡು ಕೋಡ್ ಜೋಡಿಸೂ ಬರೀಬಹುದು. ಪರದೆ ಮ್ಯಾಲೆ ಎರಡೂ ಒಂದ ಥರ. ಕಂಪ್ಯೂಟರ್‌ಗೆ ಎರಡೂ ಬೇರೆ ಹೆಸರು. ಅದಕ್ಕ ಊರಿನ ಹೆಸರಿನ ಮ್ಯಾಲೆ ಜೋಡಿ ಮಾಡೋದನ್ನ ನಾನು ಪೂರ್ತಿ ಬಿಟ್ಟೆ, ಊರಿಗೆ ಒಂದು ಕೋಡ್ ಇಟ್ಕೊಂಡೆ. ಸರ್ಕಾರದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯಾಗ ಪ್ರತಿ ಹಳ್ಳಿಗೂ ಕೋಡ್ ಐತಿ, ಎಲ್‌ಜಿಡಿ ಕೋಡ್ ಅಂತಾರ, ಅದನ್ನ ಎಕ್ಸೆಲ್‌ನಾಗ ಡ್ರಾಪ್‌ಡೌನ್ ಮಾಡಿ ಕೊಟ್ರ ಗುಮಾಸ್ತರಿಗೂ ಟೈಪ್ ಮಾಡೋ ಕೆಲಸ ಉಳಿತೈತಿ.

ಡೇಟಾಬೇಸ್‌ನಾಗ ಕಾಲಂ ಉದ್ದ ಕೊಡೋವಾಗನೂ ನೆನಪಿರ್ಲಿ, ಗಂಗಾವತಿ ಅನ್ನೋದು ಕಣ್ಣಿಗೆ 4 ಅಕ್ಷರ, ಆದ್ರ ಯುನಿಕೋಡ್ ಲೆಕ್ಕದಾಗ 7. ರೈತರ ಹೆಸರಿನ ಕಾಲಂಗೆ ಕೈ ಬಿಚ್ಚಿ ಉದ್ದ ಕೊಡ್ರಿ.

ಎರಡು ಕಡೆಯಿಂದ ಬಂದದ್ದನ್ನ ಒಂದರಾಗ ಸೇರಿಸೋದು

ಒಂದು ಸ್ಟೆಪ್‌ಗೆ ಎರಡು ಬಾಣ ಬಂದು ಕೂಡಿದ್ರ ಎರಡೂ ಕಡೆ ಸಾಲಿನ ಆಕಾರ ಒಂದ ಇರ್ಬೇಕು: ಅವ ಫೀಲ್ಡ್, ಅದ ಕ್ರಮ, ಅದ ಟೈಪ್. ಇಲ್ಲಂದ್ರ ಬೇರೆ ಬೇರೆ ಲೇಔಟ್ ಸಾಲು ಕಲಿಸ್ತಿದ್ದಿ ಅಂತ ಬೈತೈತಿ. ಪರಿಹಾರ ಸೆಲೆಕ್ಟ್ ವ್ಯಾಲ್ಯೂಸ್ ಸ್ಟೆಪ್. ಎರಡೂ ಕಡೆ ಒಂದೊಂದು ಹಾಕಿ, ಸೆಲೆಕ್ಟ್ ಅಂಡ್ ಆಲ್ಟರ್ ಟ್ಯಾಬ್‌ನಾಗ ಫೀಲ್ಡ್‌ಗಳನ್ನ ಒಂದ ಕ್ರಮದಾಗ ಬರೀರಿ, ಅಲ್ಲಿ ಬರೀದ ಫೀಲ್ಡ್ ಮುಂದ ಹೋಗಂಗಿಲ್ಲ ಅನ್ನೋದು ಗಮನ ಇರ್ಲಿ. ಟೈಪ್ ಬದಲು ಮಾಡೋದಿದ್ರ ಮೆಟಾಡೇಟಾ ಟ್ಯಾಬ್ ಐತಿ. ಒಂದ ಸ್ಟೆಪ್‌ನಾಗ ಮೂರೂ ಟ್ಯಾಬ್ ತುಂಬಂಗಿಲ್ಲ ನಾನು, ಒಂದಕ್ಕ ಒಂದ ಕೆಲಸ, ಆರು ತಿಂಗಳ ಮ್ಯಾಲೆ ತೆಗೆದು ನೋಡಿದ್ರೂ ತಿಳಿತೈತಿ.

ಆದ್ರ ಒಂದು ಮಾತು. ಸಾಫ್ಟ್‌ವೇರ್ ನೋಡೋದು ಹೆಸರು, ಕ್ರಮ, ಟೈಪ್ ಅಷ್ಟ. ಒಂದು ರಿಜಿಸ್ಟರ್‌ನಾಗ ಪ್ರಮಾಣ ಅಂತ ಕಾಲಂ ಇದ್ದು ಅದು ಚೀಲದ ಲೆಕ್ಕ, ಇನ್ನೊಂದರಾಗೂ ಪ್ರಮಾಣ ಅಂತ ಇದ್ದು ಅದು ಕ್ವಿಂಟಲ್ ಲೆಕ್ಕ ಇದ್ರ, ಎರಡೂ ನಂಬರ್, ಎರಡೂ ಹೆಸರು ಒಂದ, ಸಲೀಸಾಗಿ ಕೂಡಿ ಹೋಗ್ತಾವು. ನಮ್ಮ ಕಡೆ ಭತ್ತದ ಚೀಲ 75 ಕೆಜಿ, 40 ಚೀಲ ಅಂದ್ರ 30 ಕ್ವಿಂಟಲ್. 40 ಕ್ವಿಂಟಲ್ ಅಂತ ಲೆಕ್ಕ ಹೋತು ಅಂದ್ರ 10 ಕ್ವಿಂಟಲ್ ಗಾಳಿಯಾಗಿಂದ ಬಂದಂಗ. ಅದಕ್ಕ ಇನ್‌ಪುಟ್ ಸ್ಟೆಪ್ ದಾಟಿದ ಕೂಡ್ಲೆ ಫೀಲ್ಡ್ ಹೆಸರಿನಾಗನ ಅಳತಿ ಸೇರಿಸಿಬಿಡ್ರಿ, ಪ್ರಮಾಣ_ಚೀಲ, ತೂಕ_ಕೆಜಿ, ತೂಕ_ಕ್ವಿಂಟಲ್ ಅಂತ.

ಊರಿನ ಪಟ್ಟಿ ಜೋಡಿಸಾಕ ಸ್ಟ್ರೀಮ್ ಲುಕಪ್ ಸಾಕು. ಇದಕ್ಕ ಎರಡು ಇನ್‌ಪುಟ್: ಖರೀದಿ ಸಾಲುಗಳು ಬರೋ ಮುಖ್ಯ ಹರಿವು ಒಂದು, ಪಟ್ಟಿ ಒಂದು. ಯಾವುದು ಪಟ್ಟಿ ಅಂತ ಲುಕಪ್ ಸ್ಟೆಪ್ ಜಾಗದಾಗ ಆರಿಸ್ಬೇಕು, ಬಾಣ ಎಳೆದ್ರ ಅಷ್ಟಕ್ಕ ಗೊತ್ತಾಗಂಗಿಲ್ಲ. ಪಟ್ಟಿ ಇಡೀ ಮೆಮೊರಿಯಾಗ ತಗೊಳ್ತೈತಿ, ಅದಕ್ಕ ಸಣ್ಣದು ಪಟ್ಟಿ ಆಗಿರ್ಲಿ. ಸಿಗದ ಕೋಡ್‌ಗೆ ಖಾಲಿ ಬರ್ತೈತಿ, ಅದರ ಮುಂದ ಫಿಲ್ಟರ್ ರೋಸ್ ಹಾಕಿ ತಾಲೂಕು ಖಾಲಿ ಇದ್ರ ರಿಜೆಕ್ಟ್ ಫೈಲ್‌ಗೆ, ಇದ್ರ ಮುಂದಕ್ಕ ಅಂತ ಟ್ರೂ ಫಾಲ್ಸ್ ಎರಡಕ್ಕೂ ಗುರಿ ಕೊಡ್ರಿ. ಒಂದಕ್ಕ ಕೊಟ್ಟು ಇನ್ನೊಂದು ಖಾಲಿ ಬಿಡಬ್ಯಾಡ್ರಿ.

ಜಿಲ್ಲೆ ಪಟ್ಟಿ ಮಾಡೋವಾಗ ನಮ್ಮ ಭಾಗದಾಗ ಎರಡು ಕಡೆ ಜ್ವಾಕಿ. 2014ರ ನವೆಂಬರ್ 1ರಿಂದ ಬಳ್ಳಾರಿಯ ಇಂಗ್ಲಿಷ್ ಸ್ಪೆಲಿಂಗ್ ಬದಲಾತು, ಹಳೆ ಫೈಲ್‌ನಾಗ ಬಿ ಆದಮ್ಯಾಲೆ ಇ ಇರ್ತೈತಿ, ಹೊಸದ್ರಾಗ ಎ, ಕೊನಿಗೆ ವೈ ಹೋಗಿ ಐ ಬಂದೈತಿ. ಆಮೇಲೆ 2021ರಾಗ ವಿಜಯನಗರ ಜಿಲ್ಲೆ ಆದಾಗ ಹೊಸಪೇಟೆ ಬಳ್ಳಾರಿ ಜಿಲ್ಲೆ ಬಿಟ್ಟು ಹೋತು. 2019ರ ಖರೀದಿಯನ್ನ ಈಗಿನ ಪಟ್ಟಿಗೆ ಜೋಡಿಸಿದ್ರ ಹೊಸಪೇಟೆಯ ಭತ್ತ ಎಲ್ಲಾ ಆಗ ಇಲ್ಲದ ಜಿಲ್ಲೆಗೆ ಹೋಗ್ತೈತಿ. ಹಳೆ ವರ್ಷದ ಹೋಲಿಕೆ ಮಾಡೋರು ಪಟ್ಟಿಯಾಗ ಯಾವಾಗಿಂದ ಯಾವಾಗ್ತನಕ ಅಂತ ಎರಡು ತಾರೀಖು ಕಾಲಂ ಇಡ್ರಿ.

ಕಾಟಾ ಫೈಲ್‌ಗೂ ರಿಜಿಸ್ಟರ್‌ಗೂ ಜೋಡಿ ಮಾಡಾಕ ನಾನು ಮರ್ಜ್ ಜಾಯಿನ್ ಬಳಸ್ದೆ, ಎರಡೂ ದೊಡ್ಡವು ಅದಾವು ಅಂತ. ಇದಕ್ಕ ಎರಡೂ ಇನ್‌ಪುಟ್ ಜೋಡಿ ಮಾಡೋ ಫೀಲ್ಡ್ ಮ್ಯಾಲೆ ಸಾರ್ಟ್ ಆಗಿ ಬರ್ಲೇಬೇಕು, ಎರಡೂ ಕಡೆ ಸಾರ್ಟ್ ರೋಸ್ ಸ್ಟೆಪ್ ಹಾಕ್ರಿ, ಇಲ್ಲಂದ್ರ ಇರೋ ಜೋಡೀನ ಸಿಗಂಗಿಲ್ಲ, ಎರರೂ ಬರಂಗಿಲ್ಲ. ಫುಲ್ ಔಟರ್ ಅಂತ ಆರಿಸ್ರಿ, ಕಾಟಾದಾಗ ಇದ್ದು ರಿಜಿಸ್ಟರ್‌ನಾಗ ಇಲ್ಲದ್ದು, ರಿಜಿಸ್ಟರ್‌ನಾಗ ಇದ್ದು ಕಾಟಾದಾಗ ಇಲ್ಲದ್ದು, ಎರಡೂ ಗೊತ್ತಾಗ್ಬೇಕಲ್ಲ. ಎರಡೂ ಕಡೆ ಒಂದ ಹೆಸರಿನ ಫೀಲ್ಡ್ ಇದ್ರ ಔಟ್‌ಪುಟ್‌ನಾಗ ಎರಡನೇದಕ್ಕ ಕೊನಿಗೆ _1 ಹಚ್ಚಿ ಕಳಿಸ್ತೈತಿ, ಮುಂದಿನ ಸ್ಟೆಪ್‌ನಾಗ ತಪ್ಪು ಚೀಟಿ ನಂಬರ್ ಹಿಡಿಯಬ್ಯಾಡ್ರಿ.

ಅರ್ಧ ಗಾಡಿ ಎಲ್ಲಿಗೆ ಹೋದ್ವು

ಈಗ ಆ 206ರ ಕಥಿ. ಜೋಡಿ ಆದ ಸಾಲುಗಳನ್ನ ಡೇಟಾಬೇಸ್‌ಗೂ ಕಳಿಸ್ಬೇಕು, ಗುಮಾಸ್ತರಿಗೆ ಒಂದು ಎಕ್ಸೆಲ್ ಫೈಲೂ ಬೇಕು ಅಂತ ಒಂದ ಸ್ಟೆಪ್‌ನಿಂದ ಎರಡು ಬಾಣ ಎಳೆದೆ. ಎರಡನೇ ಬಾಣ ಎಳೆದ ತಕ್ಷಣ ಸ್ಪೂನ್ ಕೇಳ್ತೈತಿ, ಡಿಸ್ಟ್ರಿಬ್ಯೂಟ್ ಮಾಡ್ಲೋ ಕಾಪಿ ಮಾಡ್ಲೋ ಅಂತ. ನಾನು ಡಿಸ್ಟ್ರಿಬ್ಯೂಟ್ ಒತ್ತಿದ್ದೆ, ಹಂಚು ಅಂದ್ರ ಎರಡೂ ಕಡೆ ಕೊಡು ಅಂತ ತಿಳ್ಕೊಂಡು. ಅದು ಹಂಚಿದ್ದು ಹೆಂಗಂದ್ರ, ಮೊದಲನೇ ಸಾಲು ಡೇಟಾಬೇಸ್‌ಗೆ, ಎರಡನೇದು ಎಕ್ಸೆಲ್‌ಗೆ, ಮೂರನೇದು ಮತ್ತ ಡೇಟಾಬೇಸ್‌ಗೆ, ಪಾಳಿ ಪ್ರಕಾರ. ನಮ್ಮ ಎಡದಂಡೆ ಕಾಲುವಿ ನೀರಿನಂಗ, ಒಂದು ಉಪಕಾಲುವಿಗೆ ಬಿಟ್ಟ ನೀರು ಇನ್ನೊಂದಕ್ಕ ಇಲ್ಲ. ಡೇಟಾ ನೀರಲ್ಲ, ಎರಡೂ ಕಡೆ ಪೂರ್ತಿ ಹೋಗಬಹುದು, ಅದಕ್ಕ ಕಾಪಿ ಅಂತ ಆರಿಸ್ಬೇಕು. ಈಗಾಗಲೇ ತಪ್ಪು ಒತ್ತಿದ್ರ ಸ್ಟೆಪ್ ಮ್ಯಾಲೆ ರೈಟ್ ಕ್ಲಿಕ್ ಮಾಡಿ ಡೇಟಾ ಮೂವ್‌ಮೆಂಟ್‌ನಾಗ ಬದಲು ಮಾಡ್ರಿ. ಕಾಪಿ ಆದಾಗ ಬಾಣದ ಮ್ಯಾಲೆ ಎರಡು ಹಾಳಿ ಇರೋ ಸಣ್ಣ ಐಕಾನ್ ಬರ್ತೈತಿ, ಅದು ಕಂಡ್ರ ಸರಿ. ಡಿಸ್ಟ್ರಿಬ್ಯೂಟ್‌ಗೂ ಕೆಲಸ ಐತಿ, ಭಾರಿ ಕೆಲಸನ ಒಂದ ಥರದ ಎರಡು ಸ್ಟೆಪ್‌ಗೆ ಹಂಚಿ ಬೇಗ ಮುಗಿಸಾಕ, ನಮ್ಮಂಥ ಲೆಕ್ಕಕ್ಕ ಅದು ಬೇಕಾಗೋದು ಕಡಿಮಿ.

ಕಾಪಿ ಮಾಡಿದ ಮ್ಯಾಲೆ ಇನ್ನೊಂದು ಬಲೆ ಐತಿ. ಒಂದ ಹರಿವನ್ನ ಎರಡು ಮಾಡಿ, ಒಂದು ಕಡೆ ಊರಿನ ಪ್ರಕಾರ ಗ್ರೂಪ್ ಮಾಡಿ ಒಟ್ಟು ತಗದು, ಆ ಒಟ್ಟನ್ನ ಮತ್ತ ಮೂಲ ಸಾಲಿಗೆ ಜೋಡಿಸಾಕ ಹೋದ್ರ ಸಣ್ಣ ಫೈಲ್‌ಗೆ ನಡಿತೈತಿ, ದೊಡ್ಡ ಫೈಲ್‌ಗೆ ಅಲ್ಲೇ ನಿಂತುಬಿಡ್ತೈತಿ, ಎರರ್ ಇಲ್ಲ, ಮುಗಿಯೋದೂ ಇಲ್ಲ. ಯಾಕಂದ್ರ ಟ್ರಾನ್ಸ್‌ಫಾರ್ಮೇಶನ್‌ನಾಗ ಎಲ್ಲಾ ಸ್ಟೆಪ್ ಒಟ್ಟಿಗೆ ಓಡ್ತಾವು, ಎರಡು ಸ್ಟೆಪ್ ನಡುವ ಸಾಲು ಕಾಯೋ ಜಾಗಕ್ಕ ಬಫರ್ ಅಂತಾರ, ಅದ್ರಾಗ ಡಿಫಾಲ್ಟ್ 10,000 ಸಾಲು ಹಿಡಿತಾವು. ಜೋಡಿಸೋ ಸ್ಟೆಪ್ ಒಟ್ಟು ಬರ್ಲಿ ಅಂತ ಕಾಯ್ತೈತಿ, ಈ ಕಡೆ ಬಫರ್ ತುಂಬಿ ಕಾಪಿ ಮಾಡೋ ಸ್ಟೆಪ್ ನಿಲ್ತೈತಿ, ಅದು ನಿಂತ್ರ ಒಟ್ಟಿನ ಕಡೇನೂ ಸಾಲು ಹೋಗಂಗಿಲ್ಲ. ಅದಕ್ಕ ಒಟ್ಟು ತಗಿಯೋದನ್ನ ಬೇರೆ ಟ್ರಾನ್ಸ್‌ಫಾರ್ಮೇಶನ್‌ನಾಗ ಮಾಡಿ ಮುಗಿಸಿ, ಆಮೇಲೆ ಜೋಡಿಸ್ರಿ, ನನಗ ಅದ ಸುರಕ್ಷಿತ ಅನಸ್ತೈತಿ. ಬಫರ್ ಸೈಜ್ ಹೆಚ್ಚು ಮಾಡೋ ಜಾಗ ಟ್ರಾನ್ಸ್‌ಫಾರ್ಮೇಶನ್ ಪ್ರಾಪರ್ಟೀಸ್‌ನಾಗ ಐತಿ, ಆದ್ರ ಮುಂದಿನ ಸುಗ್ಗಿಗೆ ಅದೂ ಸಾಲಂಗಿಲ್ಲ.

ಟೇಬಲ್‌ಗೆ ಬರೆಯೋದು

ಟೇಬಲ್ ಔಟ್‌ಪುಟ್‌ನಾಗ ಡೇಟಾಬೇಸ್ ಫೀಲ್ಡ್‌ಗಳನ್ನ ನಾನ ಹೇಳ್ತೀನಿ ಅನ್ನೋ ಟಿಕ್ ಹಾಕಿ, ಯಾವ ಹರಿವಿನ ಫೀಲ್ಡ್ ಯಾವ ಕಾಲಂಗೆ ಅಂತ ಮ್ಯಾಪ್ ಮಾಡ್ರಿ. ಇಲ್ಲಂದ್ರ ಫೈಲ್‌ನೇಮ್, ಸಾಲಿನ ನಂಬರ್ ಸೇರಿ ಬಂದದ್ದೆಲ್ಲಾ ಬರೆಯಾಕ ಹೋಗಿ ಅಂಥ ಕಾಲಂ ಇಲ್ಲ ಅಂತ ಬೀಳ್ತೈತಿ. ಟ್ರಂಕೇಟ್ ಟೇಬಲ್ ಅನ್ನೋ ಟಿಕ್ ಕೈ ತಪ್ಪಿ ಬಿದ್ರ ಹಳೆ ಖರೀದಿ ಎಲ್ಲಾ ಅಳಿಸಿ ಬರೀತೈತಿ, ಎರಡು ಸಲ ನೋಡ್ರಿ.

ಅದ ಫೈಲ್ ಎರಡನೇ ಸಲ ಓಡಿಸಿದ್ರ ಟೇಬಲ್ ಔಟ್‌ಪುಟ್ ಎರಡನೇ ಸಲನೂ ಸೇರಿಸ್ತೈತಿ. ನಮ್ಮಲ್ಲಿ ಗುಮಾಸ್ತರು ದರ ತಿದ್ದಿ ಮತ್ತ ಕಳಿಸ್ತಾರ, ಅದಕ್ಕ ಇನ್ಸರ್ಟ್ ಅಪ್‌ಡೇಟ್ ಸ್ಟೆಪ್ ಬಳಸ್ದೆ. ಕೀ ಆಗಿ ಚೀಟಿ ನಂಬರ್ ಒಂದ ಸಾಲಂಗಿಲ್ಲ, ವರ್ಷ ಬದಲಾದ್ರ ಚೀಟಿ ಮತ್ತ 1ರಿಂದ ಶುರು, ಚೀಟಿ ಮತ್ತ ತಾರೀಖು ಎರಡೂ ಕೊಡ್ರಿ, ಡೇಟಾಬೇಸ್‌ನಾಗ ಆ ಎರಡಕ್ಕೂ ಇಂಡೆಕ್ಸ್ ಹಾಕ್ರಿ, ಇಲ್ಲಂದ್ರ ಭಾಳ ನಿಧಾನ. ತಿದ್ದಬಾರದ ಕಾಲಂಗೆ ಅಪ್‌ಡೇಟ್ ಎದುರಿಗೆ ಎನ್ ಇಡ್ರಿ. ಆಮೇಲೆ ಆ ಸ್ಟೆಪ್ ಮ್ಯಾಲೆ ರೈಟ್ ಕ್ಲಿಕ್ ಮಾಡಿ ಎರರ್ ಹ್ಯಾಂಡ್ಲಿಂಗ್ ಆನ್ ಮಾಡಿ, ಎರರ್ ವಿವರಣೆ ಬರೋ ಫೀಲ್ಡ್‌ಗೆ ಒಂದು ಹೆಸರು ಕೊಟ್ಟು, ಅದನ್ನೂ ರಿಜೆಕ್ಟ್ ಕಡೆ ಬಾಣ ಎಳೀರಿ. ಡೇಟಾಬೇಸ್ ಯಾಕ ಬ್ಯಾಡ ಅಂತು ಅಂತ ಸಾಲಿನ ಪಕ್ಕದಾಗ ಬರೆದು ಬರ್ತೈತಿ. ಈ ಸಾಲಿನಾಗ ಫೀಲ್ಡ್ ಜಾಸ್ತಿ ಇರ್ತಾವು, ಫಿಲ್ಟರ್‌ನ ರಿಜೆಕ್ಟ್ ಜೊತಿಗೆ ಒಂದ ಫೈಲ್‌ಗೆ ಸೇರಿಸಾಕ ಹೋಗಬ್ಯಾಡ್ರಿ, ಮತ್ತ ಲೇಔಟ್ ಜಗಳ. ಬೇರೆ ಫೈಲ್ ಇರ್ಲಿ.

ಪ್ರತಿ ಸ್ಟೆಪ್ ಆದಮ್ಯಾಲೆ ರೈಟ್ ಕ್ಲಿಕ್ ಮಾಡಿ ಇನ್‌ಪುಟ್ ಫೀಲ್ಡ್ಸ್, ಔಟ್‌ಪುಟ್ ಫೀಲ್ಡ್ಸ್ ಎರಡೂ ತೆಗೆದು ನೋಡೋದು, ಪ್ರಿವ್ಯೂ ನೋಡೋದು ಬಿಡಬ್ಯಾಡ್ರಿ. ಕೊನಿಗೆ ಪೂರ್ತಿ ಓಡಿಸಿದಾಗ ಕೆಳಗ ಸ್ಟೆಪ್ ಮೆಟ್ರಿಕ್ಸ್ ಅಂತ ಟೇಬಲ್ ಬರ್ತೈತಿ. ಅದ್ರಾಗ ಇನ್‌ಪುಟ್ ಅಂದ್ರ ಫೈಲ್ ಇಲ್ಲಾ ಡೇಟಾಬೇಸ್‌ನಿಂದ ಬಂದದ್ದು, ರೀಡ್ ಅಂದ್ರ ಹಿಂದಿನ ಸ್ಟೆಪ್‌ನಿಂದ ಬಂದದ್ದು, ರಿಟನ್ ಅಂದ್ರ ಮುಂದಿನ ಸ್ಟೆಪ್‌ಗೆ ಹೋದದ್ದು, ಔಟ್‌ಪುಟ್ ಅಂದ್ರ ಫೈಲ್ ಇಲ್ಲಾ ಟೇಬಲ್‌ಗೆ ಬರೆದದ್ದು, ರಿಜೆಕ್ಟೆಡ್ ಅಂದ್ರ ಎರರ್ ಆಗಿ ಬಿದ್ದದ್ದು. ಕಾಟಾದಾಗ 412 ಬಂದ್ರ, ಟೇಬಲ್‌ಗೆ ಹೋದದ್ದು, ಮೊದ್ಲೇ ಇದ್ದು ಅಪ್‌ಡೇಟ್ ಆದದ್ದು, ಮೊದ್ಲೇ ಇದ್ದು ಏನೂ ಬದಲಾಗದ ಉಳಿದದ್ದು, ಎರಡು ರಿಜೆಕ್ಟ್ ಫೈಲ್‌ನಾಗ ಬಿದ್ದದ್ದು ಕೂಡಿಸಿ 412 ಆಗ್ಬೇಕು. ರಿಜಿಸ್ಟರ್‌ನಾಗ ಅಷ್ಟ ಇದ್ದ ಸಾಲು ಇದ್ರ ಅವು ಫುಲ್ ಔಟರ್‌ನಿಂದ ಬಂದವು, ಅವನ್ನ ಬೇರೆ ಎಣಿಸ್ರಿ. ಈಗ ನಾನು ಆ ಮೆಟ್ರಿಕ್ಸ್‌ನ ಫೋಟೋ ತಗದು ರಿಜೆಕ್ಟ್ ಫೈಲ್ ಜೊತಿಗೆ ಗುಮಾಸ್ತರಿಗೆ ಕಳಿಸ್ತೀನಿ, ಅವ್ರು ಚೀಟಿ ಕಟ್ಟು ಎಣಿಸಿ ಸಂಖ್ಯೆ ಹೊಂದಿತು ಅಂದ ಮ್ಯಾಲನ ಮಾಲೀಕರಿಗೆ ರಿಪೋರ್ಟ್ ಹೋಗ್ತೈತಿ.